ಕಿರ್ದಿ ನಮ್ಮದು, ಖಾತೆ ಯಂತ್ರದ್ದು

ಭಾನುವಾರ ಸಂಜೆ. ಊಟದ ಮೇಜಿನ ಸುತ್ತ ಐದು ಜನ. ನಡುವೆ ಪೆನ್ಸಿಲ್ಲಿನ ಒಂದು ನಕ್ಷೆ, ಇಪ್ಪತ್ತು ಮುಖದ ಒಂದು ದಾಳ, ಒಂದು ತಟ್ಟೆ ಚಕ್ಕುಲಿ. "ಹೋದ ಮಳೆಗಾಲದಲ್ಲಿ ನಮಗೆ ದೋಣಿ ಕೊಟ್ಟನಲ್ಲ, ಆ ಅಂಬಿಗನ ಹೆಸರೇನು? ಅವನಿಗೆ ಏನೋ ಮಾತು ಕೊಟ್ಟಿದ್ದೆವು" ಎಂದಳು ಒಬ್ಬಳು. ಆ ಅಂಬಿಗ ಎಲ್ಲೂ ಬದುಕಿದ್ದವನಲ್ಲ. ಎಂಟು ತಿಂಗಳ ಹಿಂದೆ ಇದೇ ಮೇಜಿನಲ್ಲಿ ನನ್ನ ಬಾಯಿಂದ ಹುಟ್ಟಿದವನು. ಹೆತ್ತವನಿಗೇ ಹೆಸರು ಮರೆತುಹೋಗಿತ್ತು. ನಾನು ನೋಟ್‌ಬುಕ್ಕಿನ ಹಾಳೆ ಮಗುಚುತ್ತ ಕೂತೆ. ಒಂದು ನಿಮಿಷ ಕಳೆಯುವುದರೊಳಗೆ ಹೊಳೆಯೂ ಇಲ್ಲ, ದೋಣಿಯೂ ಇಲ್ಲ, ಎಲ್ಲರ ಕೈಯಲ್ಲೂ ಮೊಬೈಲು.

ಇದು ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಮೇಜಿನ ಸುತ್ತ ಕೂತು ಮಾತಿನಲ್ಲೇ ಆಡುವ ಪಾತ್ರಗಳ ಆಟ. ಆಟಗಾರರಿಗೆ ತಲೆಗೊಂದು ಪಾತ್ರ. ಉಳಿದ ಊರು, ಕಾಡು, ರಾಜ, ಕಳ್ಳ, ಸಂತೆಯ ದರ ಎಲ್ಲವೂ ಆಟ ನಡೆಸುವವನ ತಲೆಗೆ. ಅವನನ್ನು ಗೇಮ್ ಮಾಸ್ಟರ್ ಎನ್ನುತ್ತಾರೆ. ತಾಳಮದ್ದಲೆ ಕೇಳಿದವರಿಗೆ ಈ ಆಶುಮಾತಿನ ರುಚಿ ಹೊಸದಲ್ಲ. ಆದರೆ ಅಲ್ಲಿ ಕರ್ಣ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು. ಇಲ್ಲಿ ಯಾರು ಸಾಯುತ್ತಾರೆಂದು ಭಾಗವತನಿಗೂ ಗೊತ್ತಿಲ್ಲ, ದಾಳವೇ ಹೇಳಬೇಕು.

ಈ ಬಗೆಯ ಆಟಗಳಿಗೆ ಮೂಲ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಿಂದ ಮೂರು ಕಿರುಹೊತ್ತಗೆಗಳ ಪೆಟ್ಟಿಗೆಯಾಗಿ ಹೊರಬಂತು. ಮೊದಲ ಮುದ್ರಣ 1,000 ಪ್ರತಿ. ರೂಪಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಆರ್ನೆಸನ್ ಅದಕ್ಕೂ ಮೊದಲೇ ಮಿನೆಸೋಟದಲ್ಲಿ ‘ಬ್ಲ್ಯಾಕ್‌ಮೂರ್’ ಎಂಬ ಕಲ್ಪಿತ ನಾಡನ್ನು ಗೆಳೆಯರಿಗಾಗಿ ನಡೆಸುತ್ತಿದ್ದರು. ಒಂದು ಸಂಜೆಗೆ ಮುಗಿಯದೆ, ಹೋದ ವಾರ ನಿಲ್ಲಿಸಿದಲ್ಲಿಂದ ಈ ವಾರ ಮುಂದುವರಿಯುವುದೇ ಈ ಆಟದ ಸೊಗಸು. ತೊಂದರೆಯೂ ಅಲ್ಲೇ ಇದೆ. ವಾರಕ್ಕೊಂದು ಕೂಟ, ಕೂಟಕ್ಕೆ ಇಪ್ಪತ್ತು ಹೊಸ ಹೆಸರು ಎಂದುಕೊಂಡರೂ ವರ್ಷದ ಕೊನೆಗೆ ಸಾವಿರ ಹೆಸರಾಗುತ್ತವೆ. ಯಾರು ಯಾರಿಗೆ ಸಾಲಗಾರ, ಯಾವ ಬೀಗದ ಕೈ ಯಾರ ಚೀಲದಲ್ಲಿದೆ ಎಂಬುದೆಲ್ಲ ಅದರ ಮೇಲೆ.

ಎರಡು ಪುಸ್ತಕದ ಲೆಕ್ಕ

ಹಳೆಯ ಕಿರಾಣಿ ಅಂಗಡಿಗಳಲ್ಲಿ ಎರಡು ಪುಸ್ತಕ ಇರುತ್ತಿದ್ದವು. ಒಂದು ಕಿರ್ದಿ: ದಿನದ ವ್ಯವಹಾರ ನಡೆದ ಕ್ರಮದಲ್ಲೇ ಸಾಲುಸಾಲಾಗಿ. ಇನ್ನೊಂದು ಖಾತೆ: ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ. ರಾತ್ರಿ ಬಾಗಿಲು ಹಾಕಿದ ಮೇಲೆ ಸಾಹುಕಾರರು ಕಿರ್ದಿಯ ಒಂದೊಂದು ಸಾಲನ್ನೂ ಖಾತೆಗೆ ಎತ್ತಬೇಕಿತ್ತು. ಎತ್ತದೆ ಬಿಟ್ಟರೆ ಲೆಕ್ಕವೆಲ್ಲ ಬರೆದಿದ್ದರೂ "ನನ್ನ ಬಾಕಿ ಎಷ್ಟು ಸ್ವಾಮಿ?" ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಗೇಮ್ ಮಾಸ್ಟರ್‌ನ ನೋಟ್‌ಬುಕ್ಕು ಕಿರ್ದಿ. ಮೇಜಿನಲ್ಲಿ ಕೇಳುವ ಪ್ರಶ್ನೆಗಳೆಲ್ಲ ಖಾತೆಯವು. ಟಿಪ್ಪಣಿಯ ಸಿದ್ಧ ತಂತ್ರಾಂಶಗಳನ್ನು ಕೊಂಡು, ಪಾತ್ರಕ್ಕೊಂದು, ಊರಿಗೊಂದು ಅಂದವಾದ ಫಾರಂ ತುಂಬುತ್ತ ಕೂತವರು ಮೂರನೆಯ ವಾರಕ್ಕೆ ಕೈಬಿಡುವುದೂ ಇದೇ ಕಾರಣಕ್ಕೆ. ಆಟ ಮುಗಿದು ರಾತ್ರಿ ಹನ್ನೊಂದಾಗಿರುವಾಗ ಖಾತೆಗೆ ಎತ್ತುವವರು ಯಾರು?

ಕಾಗದದಲ್ಲೇ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರಿದ್ದಾರೆ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಸುಮಾರು 90,000 ಚೀಟಿಗಳನ್ನು ಮರದ ಪೆಟ್ಟಿಗೆಗಳಲ್ಲಿ ಕೂಡಿಟ್ಟಿದ್ದರು. ಪ್ರತಿ ಚೀಟಿಗೂ ಒಂದು ಸಂಖ್ಯೆ, ಅದರೊಳಗೆ ಸಂಬಂಧಪಟ್ಟ ಬೇರೆ ಚೀಟಿಗಳ ಸಂಖ್ಯೆ. ಆದರೆ ಕಾಗದದ ಕೊಂಡಿ ಒಮ್ಮುಖ. ಹೊಸ ಚೀಟಿ ಹಳೆಯದನ್ನು ತೋರಿಸುತ್ತದೆ. ತನ್ನನ್ನು ಯಾರು ತೋರಿಸಿದರೆಂಬುದು ಹಳೆಯ ಚೀಟಿಗೆ ತಿಳಿಯಬೇಕಾದರೆ ಕೈಯಾರೆ ಹೋಗಿ ಅದರಲ್ಲೂ ಬರೆಯಬೇಕು.

ಕಂಪ್ಯೂಟರಿಗೆ ಈ ಕೆಲಸ ಏನೇನೂ ಅಲ್ಲ. ಹಾಗಾಗಿ ನನಗೆ ಬೇಕಾದ್ದನ್ನು ನಾನೇ ಬರೆದುಕೊಂಡೆ: ಇನ್ನೂರು ಸಾಲಿನ ಒಂದು ಪೈಥಾನ್ ಪ್ರೋಗ್ರಾಮು. ಅದರ ಒಳಗನ್ನು ಸ್ವಲ್ಪ ಬಿಚ್ಚಿ ನೋಡೋಣ.

ಎರಡು ಕಂಬಸಾಲಿನ ಯಂತ್ರ

ಕೂಟ ನಡೆಯುವಾಗ ನಾನು ಒಂದೇ ಕಡತದಲ್ಲಿ ಬರೆಯುತ್ತೇನೆ, ಅದೂ ಅರೆಬರೆ ವಾಕ್ಯಗಳಲ್ಲಿ:

ಕೂಟ 31. [[ಮಾರ ಅಂಬಿಗ]] ದೋಣಿ ಕೊಟ್ಟ. ಬದಲಿಗೆ ಅವನ ತಮ್ಮನನ್ನು [[ಕರಿಕೋಟೆ]]ಯ ಸೆರೆಯಿಂದ ಬಿಡಿಸುವ ಮಾತು.

ಹೆಸರಿಗೆ ಜೋಡಿ ಚೌಕಾವರಣ ಹಾಕುವುದಷ್ಟೇ ನನ್ನ ಕೆಲಸ. ಪ್ರೋಗ್ರಾಮು ಕಡತಗಳನ್ನೆಲ್ಲ ಓದುತ್ತ, ಆವರಣ ಕಂಡಲ್ಲೆಲ್ಲ ಒಂದು ಕೋಷ್ಟಕಕ್ಕೆ ಸಾಲು ಸೇರಿಸುತ್ತದೆ. ಕೋಷ್ಟಕಕ್ಕೆ ಎರಡೇ ಕಂಬಸಾಲು: ಎಡಕ್ಕೆ ಎಲ್ಲಿಂದ, ಬಲಕ್ಕೆ ಎಲ್ಲಿಗೆ. ‘ಕೂಟ 31, ಮಾರ ಅಂಬಿಗ’ ಒಂದು ಸಾಲು. ‘ಕೂಟ 31, ಕರಿಕೋಟೆ’ ಇನ್ನೊಂದು. ಎಡಗಂಬದಲ್ಲಿ ಕೂಟ 31ನ್ನು ಹುಡುಕಿದರೆ ಆ ದಿನ ಯಾರು ಯಾರು ಬಂದರೆಂಬುದು ಸಿಗುತ್ತದೆ, ಅದು ಕಿರ್ದಿ. ಬಲಗಂಬದಲ್ಲಿ ಮಾರನನ್ನು ಹುಡುಕಿದರೆ ಅವನು ಯಾವ ಯಾವ ಕೂಟದಲ್ಲಿ ಕಾಣಿಸಿಕೊಂಡನೆಂಬುದು ಸಿಗುತ್ತದೆ, ಅದೇ ಖಾತೆ. ಒಂದೇ ಕೋಷ್ಟಕವನ್ನು ಎರಡು ಕಡೆಯಿಂದ ಓದಿದ್ದು, ಅಷ್ಟೆ.

ಮಾರನ ಪುಟದಲ್ಲಿ ನಾನು ಬರೆದಿರುವುದು ‘ಕುಂಟು ಕಾಲು, ಎಲೆಯಡಿಕೆ ಬಿಡುವುದಿಲ್ಲ’ ಎಂದು ಮಾತ್ರ. ಅದರ ಕೆಳಗೆ ಅವನ ಹೆಸರಿರುವ ಕಿರ್ದಿಯ ಸಾಲುಗಳನ್ನೆಲ್ಲ ಯಂತ್ರ ತಂದು ಜೋಡಿಸುತ್ತದೆ. ಕರಿಕೋಟೆಯ ಪುಟ ತೆರೆದರೆ ಅಲ್ಲೂ ಅದೇ ಸಾಲು ಕಾಣುತ್ತದೆ: ಇಲ್ಲಿ ಅಂಬಿಗನ ತಮ್ಮ ಸೆರೆಯಲ್ಲಿದ್ದಾನೆ. ಅದನ್ನು ಅಲ್ಲಿ ನಾನು ಬರೆದಿರಲೇ ಇಲ್ಲ.

ಇಲ್ಲಿ ಕನ್ನಡದ್ದೊಂದು ಚಮತ್ಕಾರ. ‘ಕರಿಕೋಟೆಯ’ ಎನ್ನುವಾಗ ವಿಭಕ್ತಿ ಪ್ರತ್ಯಯ ಆವರಣದ ಆಚೆ ಉಳಿದು, ಹೆಸರು ಕೆಡದೆ ಇರುತ್ತದೆ. ಆದರೆ ‘ಕಾಡೂರು’ ಎಂಬುದು ‘ಕಾಡೂರಿಗೆ’ ಆದಾಗ ಕೊನೆಯ ಉಕಾರ ಬಿದ್ದುಹೋಗುತ್ತದೆ. ಅದಕ್ಕೆ ವಿಕಿಗಳಲ್ಲಿ ಬಳಕೆಯಲ್ಲಿರುವ ಉಪಾಯವೇ ಸಾಕು: [[ಕಾಡೂರು|ಕಾಡೂರಿಗೆ]]. ಗೆರೆಯ ಎಡಕ್ಕಿರುವುದು ಯಂತ್ರಕ್ಕೆ, ಬಲಕ್ಕಿರುವುದು ನಮ್ಮ ಕಣ್ಣಿಗೆ.

ಕೂಸಿಗೆ ಮುಂಚೆ ಕುಲಾವಿ

ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿಯನ್ನು ತೆರೆದರು. ಹವಾಯಿ ಭಾಷೆಯಲ್ಲಿ ವಿಕಿ ಎಂದರೆ ಬೇಗ. ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಹೆಸರು ನೆನಪಾಗಿ ಅವರು ಅದನ್ನೇ ಇಟ್ಟರು. ಆ ವಿಕಿಯಲ್ಲಿ ಇನ್ನೂ ಬರೆಯದ ಪುಟಕ್ಕೂ ಕೊಂಡಿ ಹಾಕಬಹುದಿತ್ತು. ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಕಾಣಿಸುತ್ತಿತ್ತು, ಒತ್ತಿದರೆ ಪುಟ ಹುಟ್ಟುತ್ತಿತ್ತು.

ನಮ್ಮಲ್ಲಿ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದವರನ್ನು ನೋಡಿ ನಗುತ್ತೇವೆ. ಈ ಆಟದಲ್ಲಿ ಕುಲಾವಿಯನ್ನೇ ಮೊದಲು ಹೊಲಿಯಬೇಕು. "ಕೋಟೆಯ ಅಡುಗೆಯವಳ ಹೆಸರೇನು?" ಎಂದು ಯಾರಾದರೂ ಕೇಳಿದರೆ ತಡವರಿಸದೆ "ಚೆನ್ನಿ" ಎನ್ನಬೇಕು, [[ಚೆನ್ನಿ]] ಎಂದು ಗೀಚಬೇಕು. ಆಟ ಮುಗಿದ ಮೇಲೆ ಪ್ರೋಗ್ರಾಮು ಒಂದು ಪಟ್ಟಿ ಕೊಡುತ್ತದೆ: ಕೊಂಡಿ ಇದೆ, ಪುಟ ಇಲ್ಲ. ಒಮ್ಮೆ ಬಂದು ಹೋದ ಹೆಸರನ್ನು ಹಾಗೇ ಬಿಡುತ್ತೇನೆ. ಮೂರು ಸಲ ಬಂದದ್ದಕ್ಕೆ ಮಾತ್ರ ಪುಟ. ಲೋಕದ ಯಾವ ಮೂಲೆಯನ್ನು ತುಂಬಬೇಕೆಂದು ಆಟಗಾರರ ಕುತೂಹಲವೇ ಹೇಳುತ್ತದೆ, ನಾನು ಕೂತು ಊಹಿಸಬೇಕಿಲ್ಲ.

ಗುಟ್ಟುಗಳ ಲೆಕ್ಕ ಬೇರೆ. ಗೇಮ್ ಮಾಸ್ಟರ್‌ಗಳಿಗಾಗಿ ಪುಸ್ತಕ ಬರೆದಿರುವ ಮೈಕ್ ಶೇ, ಪ್ರತಿ ಕೂಟಕ್ಕೂ ಹತ್ತು ಗುಟ್ಟುಗಳನ್ನು ಬರೆದಿಟ್ಟುಕೊಳ್ಳಿ, ಆದರೆ ಅವು ಎಲ್ಲಿ, ಯಾರಿಂದ ಬಯಲಾಗುತ್ತವೆಂದು ಮೊದಲೇ ಗಂಟು ಹಾಕಬೇಡಿ ಎನ್ನುತ್ತಾರೆ. ‘ಅರಸನ ಮಗಳು ಬದುಕಿದ್ದಾಳೆ’ ಎಂಬ ಸುದ್ದಿ ಅರ್ಚಕನ ಪೆಟ್ಟಿಗೆಯಲ್ಲೇ ಇರಬೇಕೆಂದು ನಾನು ಹಟ ಹಿಡಿದರೆ, ಆಟಗಾರರು ಗುಡಿಯ ಕಡೆ ತಲೆ ಹಾಕದ ದಿನ ಅದು ಅಲ್ಲೇ ಕೊಳೆಯುತ್ತದೆ. ಹಾಗಾಗಿ ನನ್ನ ಪ್ರೋಗ್ರಾಮಿನಲ್ಲಿ ಗುಟ್ಟಿನ ಪುಟಕ್ಕೆ ‘ಜಾಗ’ ಎಂಬ ಖಾನೆಯೇ ಇಲ್ಲ. ಇರುವುದು ‘ಬಯಲಾದ ಕೂಟ’ ಎಂಬ ಒಂದೇ ಖಾನೆ. ಅದು ಖಾಲಿ ಇರುವ ಗುಟ್ಟುಗಳೆಲ್ಲ ಪರದೆಯ ಬಲಬದಿಯಲ್ಲಿ ಸಾಲಾಗಿ ನಿಂತಿರುತ್ತವೆ. ಹೊಳೆದಂಡೆಗೆ ಹೋದರೆ ಅಂಬಿಗ ಹೇಳುತ್ತಾನೆ, ಅಡುಗೆಮನೆಗೆ ನುಗ್ಗಿದರೆ ಚೆನ್ನಿ.

ಗೌಡರನ್ನು ಕೇಳಿದರೆ ಗಿಡ ಬಂತು

ಇಷ್ಟಾದ ಮೇಲೆ ಹುಡುಕುವ ಸೌಲಭ್ಯ ಬೇಡವೇ? ಬಹುಬಳಕೆಯ ಉಚಿತ ಡೇಟಾಬೇಸ್ ಒಂದರ ಸಿದ್ಧ ಹುಡುಕುಯಂತ್ರವನ್ನು ತಂದು ಜೋಡಿಸಿದೆ. ಅಂಥ ಯಂತ್ರ ಪುಸ್ತಕದ ಕೊನೆಯ ಪದಸೂಚಿಯ ಹಾಗೆ ಕೆಲಸ ಮಾಡುತ್ತದೆ. ಮೊದಲೇ ಎಲ್ಲ ಬರಹವನ್ನೂ ಪದಗಳಾಗಿ ಒಡೆದು, ಯಾವ ಪದ ಯಾವ ಪುಟದಲ್ಲಿದೆ ಎಂಬ ಪಟ್ಟಿ ಮಾಡಿಟ್ಟಿರುತ್ತದೆ. ಕೇಳಿದಾಗ ಓದುವುದು ಆ ಪಟ್ಟಿಯನ್ನು, ಪುಟಗಳನ್ನಲ್ಲ.

ಮುಂದಿನ ಕೂಟದಲ್ಲಿ ಊರಗೌಡರ ವಿಷಯ ಬಂತು. ‘ಗೌಡ’ ಎಂದು ಹುಡುಕಿದೆ. ಯಂತ್ರ ಹಾಳು ಗುಡಿ, ಕೋಟೆಯ ಗೋಡೆ, ಹದ್ದಿನ ಗೂಡು, ವಿಷದ ಗಿಡ ಎಲ್ಲವನ್ನೂ ತಂದು ಸುರಿಯಿತು. ಗೌಡರೂ ಆ ರಾಶಿಯಲ್ಲೇ ಎಲ್ಲೋ ಇದ್ದರು.

ಕಾರಣ ಯೂನಿಕೋಡಿನ ಒಂದು ವರ್ಗೀಕರಣದಲ್ಲಿತ್ತು. ನಮಗೆ ‘ಗೌ’ ಒಂದು ಅಕ್ಷರ. ಕಂಪ್ಯೂಟರಿಗೆ ಅದು ಎರಡು ಸಂಕೇತ: ‘ಗ’ ಮತ್ತು ಔಕಾರದ ಚಿಹ್ನೆ. ‘ಸ್ತ್ರೀ’ ಎಂಬ ಒಂದು ಅಕ್ಷರಕ್ಕೆ ಆರು ಸಂಕೇತ. ಯೂನಿಕೋಡಿನಲ್ಲಿ ‘ಗ’ ಅಕ್ಷರದ ಗುಂಪಿಗೆ ಸೇರಿದರೆ ಗುಣಿತದ ಚಿಹ್ನೆಗಳು ಬೇರೆಯದೇ ಗುಂಪಿಗೆ ಸೇರುತ್ತವೆ. ಅಕ್ಷರ ಮತ್ತು ಅಂಕಿ ಮಾತ್ರ ಪದದ ಭಾಗ, ಉಳಿದದ್ದೆಲ್ಲ ಪದಗಳ ನಡುವಿನ ಬೇಲಿ ಎಂಬುದು ಆ ಹುಡುಕುಯಂತ್ರದ ಪೂರ್ವನಿಯೋಜಿತ ನಿಯಮ. ಹಾಗಾಗಿ ಅದಕ್ಕೆ ನಮ್ಮ ಔಕಾರ, ಇಕಾರ, ಓಕಾರಗಳೆಲ್ಲ ಅಲ್ಪವಿರಾಮಕ್ಕೆ ಸಮ. ಅವನ್ನು ಕಿತ್ತರೆ ಗೌಡ, ಗಿಡ, ಗುಡಿ, ಗೂಡು, ಗೋಡೆ ಐದೂ ‘ಗ, ಡ’ ಆಗಿಬಿಡುತ್ತವೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ದೋಷ ಜನ್ಮದಲ್ಲಿ ಕಾಣುವುದಿಲ್ಲ, ಏಕೆಂದರೆ ಅವರ ಸ್ವರಗಳು ಸಾಲಿನಲ್ಲಿ ಬಿಡಿಬಿಡಿಯಾಗಿ ನಿಂತ ಅಕ್ಷರಗಳು.

ಚಿಹ್ನೆಗಳನ್ನೂ ಪದದೊಳಗೆ ಸೇರಿಸು ಎಂದು ಒಂದು ಸಾಲಿನಲ್ಲಿ ಹೇಳಿ ಸರಿಮಾಡಬಹುದಿತ್ತು, ಮಾಡಿದೆ. ಆಗ ಎರಡನೆಯ ತೊಡಕು ಎದುರಾಯಿತು. ಸೂಚಿಯಲ್ಲಿ ‘ಗೌಡ’, ‘ಗೌಡರು’, ‘ಗೌಡರಿಗೆ’ ಮೂರು ಬೇರೆ ಬೇರೆ ಪದಗಳು. ಪದದ ಮೊದಲ ಭಾಗ ಹೊಂದಿದರೆ ಸಾಕು ಎಂದರೆ ಗೌಡರೇನೋ ಸಿಕ್ಕರು, ‘ಊರು’ ಎಂದರೆ ‘ಊರಿಗೆ’ ಸಿಗಲಿಲ್ಲ. ಕೊನೆಯ ಉಕಾರ ಕತ್ತರಿಸಿ ‘ಊರ’ ಎಂದು ಹುಡುಕಿಸಿದರೆ ಊರಿನ ಜೊತೆ ಊರ್ಮಿಳೆಯೂ ಬಂದಳು.

ಕೊನೆಗೆ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಸರ್ವೇಸಾಮಾನ್ಯವಾದ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್. ನೂರು ಪದದ ಒಂದು ಟಿಪ್ಪಣಿ ಎರಡೂವರೆ ಕಿಲೋಬೈಟ್ ಆಗಬಹುದು. ಅಂಥ ಸಾವಿರ ಟಿಪ್ಪಣಿ ಸೇರಿದರೂ ಎರಡೂವರೆ ಮೆಗಾಬೈಟ್, ಮೊಬೈಲಿನ ಒಂದು ಫೋಟೋದಷ್ಟು. ಅಷ್ಟನ್ನು ಮೊದಲಿಂದ ಕೊನೆಯವರೆಗೆ ಒಂದೊಂದೇ ಸಂಕೇತ ಹೋಲಿಸುತ್ತ ಓದಲು ಇಂದಿನ ಯಾವ ಲ್ಯಾಪ್‌ಟಾಪಿಗೂ ಕಣ್ಣು ಮಿಟುಕಿಸುವಷ್ಟು ಹೊತ್ತು ಹಿಡಿಯದು. ಪದ ಒಡೆಯುವುದೇ ಬೇಡವೆಂದ ಮೇಲೆ ಬೇಲಿ ಎಲ್ಲಿದೆ ಎಂಬ ಪ್ರಶ್ನೆಯೂ ಇಲ್ಲ. ‘ಗೌಡ’ ಎಂದರೆ ಗೌಡನೇ ಬರುತ್ತಾನೆ, ಗೌಡರ ಸೊಸೆಯೂ ಬರುತ್ತಾಳೆ, ಗಿಡ ಬರುವುದಿಲ್ಲ. ಊರ್ಮಿಳೆಯ ಕಾಟ ಉಳಿದಿದೆ, ಅದನ್ನು ಸಹಿಸಿಕೊಂಡಿದ್ದೇನೆ.

ಅಪರೂಪದ ಪದಕ್ಕೆ ಹೆಚ್ಚು ತೂಕ ಕೊಟ್ಟು ಫಲಿತಾಂಶಗಳನ್ನು ಸಾಲುಗೂಡಿಸುವ ಜಾಣ ವಿಧಾನವನ್ನು ಕಂಪ್ಯೂಟರ್ ವಿಜ್ಞಾನಿ ಕ್ಯಾರನ್ ಸ್ಪಾರ್ಕ್ ಜೋನ್ಸ್ 1972ರಲ್ಲೇ ವಿವರಿಸಿದ್ದರು. ಲಕ್ಷಾಂತರ ಕಡತಗಳ ಗ್ರಂಥಾಲಯಕ್ಕೆ ಅದು ಬೇಕೇಬೇಕು. ನನ್ನ ಮೇಜಿಗೆ ಬೇಕಾದ ಕ್ರಮ ಒಂದೇ: ಇತ್ತೀಚಿನ ಕೂಟ ಮೊದಲು. ಹುಡುಕುಯಂತ್ರವನ್ನು ಕಿತ್ತುಹಾಕಿದ ದಿನ ಪ್ರೋಗ್ರಾಮು ಅರ್ಧದಷ್ಟಾಯಿತು.

ಎರಡು ನಿಯಮಗಳನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ಕಿರ್ದಿ ಸಾದಾ ಪಠ್ಯ ಕಡತದಲ್ಲೇ ಇರಬೇಕು. ನಾಳೆ ನನ್ನ ಪ್ರೋಗ್ರಾಮು ಕೆಟ್ಟರೂ ನೋಟ್‌ಪ್ಯಾಡಿನಲ್ಲಿ ತೆರೆದು ಓದುವಂತಿರಬೇಕು. ಇನ್ನೊಂದು, ಖಾತೆಯನ್ನು ಎಲ್ಲೂ ಉಳಿಸಿಡಬಾರದು. ಪ್ರತಿ ಸಲ ತೆರೆದಾಗಲೂ ಕಿರ್ದಿಯಿಂದ ಹೊಸದಾಗಿಯೇ ಕಟ್ಟಬೇಕು. ಆಗ ಪ್ರೋಗ್ರಾಮಿನಲ್ಲಿ ಏನೇ ತಪ್ಪಿದ್ದರೂ ಕೆಡುವುದು ನೋಟವೇ ಹೊರತು ನೆನಪಲ್ಲ.

ಇಂಥ ಯಂತ್ರ ಕಟ್ಟುವವರಿಗೆ ಒಂದು ಅಪಾಯವಿದೆ, ಕಟ್ಟುವುದೇ ಆಟವಾಗಿಬಿಡುತ್ತದೆ. ಹುಡುಕುಯಂತ್ರದ ಜೊತೆ ಗುದ್ದಾಡಿದ ಮೂರು ವಾರ ನಾನು ಮುಂದಿನ ಕೂಟಕ್ಕೆ ಒಂದು ಗುಟ್ಟನ್ನೂ ಬರೆದಿರಲಿಲ್ಲ. ಆದ್ದರಿಂದ ಶುರುಮಾಡುವವರು ಮೊದಲು ಒಂದು ರೂಲು ಪುಸ್ತಕ ಕೊಳ್ಳಿ. ಹತ್ತು ಕೂಟ ಅದರಲ್ಲೇ ಬರೆಯಿರಿ, ಹೆಸರುಗಳಿಗೆ ಚೌಕ ಹಾಕುತ್ತ ಹೋಗಿ. ಮೇಜಿನಲ್ಲಿ ಒಂದೇ ಬಗೆಯ ಪ್ರಶ್ನೆಗೆ ಮೂರು ಸಲ ಹಾಳೆ ಮಗುಚಿದಿರಿ ಎಂದಾದರೆ, ಆ ಪ್ರಶ್ನೆಗೆ ಮಾತ್ರ ಕೋಡ್ ಬರೆಯಿರಿ.