ಖುಲಾ ಎಂದರೇನು? ಕನ್ನಡದಲ್ಲಿ ಹೇಳು

ನಿಮ್ಮ ಮನೆಯಲ್ಲಿ ಆಲಿಮಾ ಕಲಿತ ಮಗಳೋ ಸೊಸೆಯೋ ಇದ್ದಾಳೆಯೇ? ಇಂದು ರಾತ್ರಿ ಊಟವಾದ ಮೇಲೆ ಅವಳೊಡನೆ ಕೇಳಿ ನೋಡಿ: 'ಖುಲಾ ಎಂದರೇನು? ಕನ್ನಡದಲ್ಲಿ ಹೇಳು.'

ಕುಮಟಾದ ಒಂದು ಮಹಿಳಾ ಕೂಟದಲ್ಲಿ ನಾನು ಹೀಗೆಯೇ ಕೇಳಿದ್ದೆ. ಹುಡುಗಿ ಜಾಣೆ. ಕಿತಾಬಿನ ಅರಬಿ ವಾಕ್ಯವನ್ನು ತಡವರಿಸದೆ ಹೇಳಿ ಉರ್ದುವಿನಲ್ಲಿ ಅರ್ಥವನ್ನೂ ಕೊಟ್ಟಳು. ಎದುರಿಗಿದ್ದ ಸಹೋದರಿಯೊಬ್ಬಳು, "ಹಾಗಾದರೆ ನನಗೆ ಬಿಡುಗಡೆ ಉಂಟಾ, ಇಲ್ಲವಾ?" ಎಂದಾಗ ಮಾತ್ರ ಅವಳು ನನ್ನ ಮುಖ ನೋಡಿದಳು. ತಪ್ಪು ಅವಳದ್ದಲ್ಲ. ಉತ್ತರ ಬರೆಯಲು ಕಲಿಸಿದ ನಾವು ಉತ್ತರ ಹೇಳಲು ಕಲಿಸಲಿಲ್ಲ.

ಭಟ್ಕಳದಲ್ಲಿ ಅಂಜುಮನ್ 1919ರಲ್ಲೂ ಜಾಮಿಯಾ ಇಸ್ಲಾಮಿಯಾ 1962ರಲ್ಲೂ ಆರಂಭವಾದವು. ವಿದ್ಯೆಗೆ ಬರವಿಲ್ಲ. ಆದರೆ ಕಿತಾಬು ಅರಬಿ, ಪಾಠ ಉರ್ದು, ಅಡುಗೆಮನೆಯಲ್ಲಿ ನವಾಯತಿ, ಆಸ್ಪತ್ರೆ-ಕೋರ್ಟು-ಪತ್ರಿಕೆಗೆ ಕನ್ನಡ! ದಾರಿಯಲ್ಲೆಲ್ಲೋ ಅರ್ಥ ಉದುರಿ ಹೋಗುತ್ತದೆ.

ಇನ್ನೊಂದು ಅಡ್ಡಿ ನಾಚಿಕೆ. ಸ್ವಪ್ನಸ್ಖಲನವಾದರೆ ಹೆಣ್ಣಿಗೂ ಸ್ನಾನ ಕಡ್ಡಾಯವೇ ಎಂದು ಉಮ್ಮು ಸುಲೈಮ್(ರ) ಪ್ರವಾದಿಯವರಲ್ಲೇ(ಸ) ಕೇಳಿದ್ದರು. ನೇರ ಉತ್ತರವೂ ಸಿಕ್ಕಿತು. ನಾವೋ, ಮುಟ್ಟಿನ ಪಾಠ ಬಂದರೆ ಪುಟ ಮಗುಚುತ್ತೇವೆ.

ವಿದ್ವಾಂಸನೊಬ್ಬ ಕಿವಿಗೊಟ್ಟರೆ ಏನಾಗುತ್ತದೆಂದು ನೋಡಿ. ಗಂಡ ಕಾಣೆಯಾದ, ಹಿಂಸೆ ಕೊಡುವ ದಾಂಪತ್ಯದಿಂದ ಪಾರಾಗಲು ಪಂಜಾಬಿನಲ್ಲಿ ಕೆಲವು ಸ್ತ್ರೀಯರು ಧರ್ಮವನ್ನೇ ಬಿಡತೊಡಗಿದ್ದರು. ಹನಫಿ ವಿದ್ವಾಂಸರಾದ ಮೌಲಾನಾ ಅಶ್ರಫ್ ಅಲಿ ಥಾನವಿ ಮಾಲಿಕಿ ಉಲೆಮಾಗಳ ಅಭಿಪ್ರಾಯ ತರಿಸಿ 1931ರಲ್ಲಿ ಗ್ರಂಥ ಪ್ರಕಟಿಸಿದರು. 1939ರಲ್ಲಿ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆ ಬಂತು. ಗಂಡನ ಸುಳಿವು 4 ವರ್ಷ ಇಲ್ಲದಿದ್ದರೆ, 2 ವರ್ಷ ಖರ್ಚಿಗೆ ಕೊಡದಿದ್ದರೆ, ಹಿಂಸೆ ಕೊಟ್ಟರೆ ಹೆಂಡತಿ ನ್ಯಾಯಾಲಯಕ್ಕೆ ಹೋಗಬಹುದು. ನಾವು ಭಟ್ಕಳದವರು ಹೆಚ್ಚಿನವರೂ ಶಾಫಿಈಗಳು. ಕಾಯ್ದೆ ಎಲ್ಲ ಮದ್‌ಹಬಿನವರಿಗೂ ಒಂದೇ. ಗಂಡಂದಿರು ಗಲ್ಫಿನಲ್ಲಿರುವ ನಮ್ಮೂರುಗಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಈಗ ತರಗತಿಯಲ್ಲಿ ಒಂದು ಅಭ್ಯಾಸ ಮಾಡಿಸುತ್ತೇನೆ. ಒಬ್ಬಳು ಹೊನ್ನಾವರದ ಅಜ್ಜಿ, ಇನ್ನೊಬ್ಬಳು ಪತ್ರಕರ್ತೆ, ಮೂರನೆಯವಳು ಆಲಿಮಾ. ಕುರ್‌ಆನಿನ ಆಜ್ಞೆ ಯಾವುದು, ಇಮಾಮರ ಅಭಿಪ್ರಾಯ ಯಾವುದು, ದೇಶದ ಕಾನೂನು ಯಾವುದು, ಬರೇ ಊರ ರೂಢಿ ಯಾವುದು ಎಂದು ಬಿಡಿಸಿ ಹೇಳಬೇಕು. 'ಗೊತ್ತಿಲ್ಲ, ಕೇಳಿ ಹೇಳುತ್ತೇನೆ' ಎಂದರೆ ಅಂಕ ಕಡಿತವಿಲ್ಲ. ಕೇಳಿದವಳ ಕಥೆಯನ್ನು ಹೊರಗೆ ಆಡಿದರೆ ಸೊನ್ನೆ. ಮೊದಲ ದಿನ ಅಜ್ಜಿಯ ಪಾತ್ರದವಳೇ ಎಲ್ಲರನ್ನೂ ಸೋಲಿಸಿದಳು.

ಕುಮಟಾದ ಹುಡುಗಿ ಮೊನ್ನೆ ಫೋನು ಮಾಡಿದ್ದಳು. ಆ ಸಹೋದರಿಯ ಮನೆಗೆ ಹೋಗಿದ್ದಳಂತೆ. "ಹೆಂಡತಿ ಮಹ್ರ್ ಹಿಂದಿರುಗಿಸಿ ಬಿಡುಗಡೆ ಕೇಳುವುದೇ ಖುಲಾ ಎಂದೆ ಟೀಚರ್. ಮಹ್ರನ್ನೇ ಅವರು ಕೊಟ್ಟಿಲ್ಲ, ಏನು ಹಿಂದಿರುಗಿಸಲಿ ಎಂದು ಕೇಳಿದರು."

ಮುಂದಿನ ತರಗತಿಯ ಪ್ರಶ್ನೆ ಇದೇ.