ಜಾಝ್ ವೈಬ್ರಫೋನ್ ವಾದನದಲ್ಲಿ ಪೆಡಲಿನ ಬಳಕೆ ಮತ್ತು ಅಭ್ಯಾಸಕ್ರಮ

1920ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ವೈಬ್ರಫೋನ್, ಕೋಲುಗಳಿಂದ ನುಡಿಸುವ ಲೋಹದ ಪಟ್ಟಿಗಳ ವಾದ್ಯ. 1927ರಲ್ಲಿ ಡೀಗನ್ ಸಂಸ್ಥೆಯು ಅಲ್ಯೂಮಿನಿಯಂ ಪಟ್ಟಿಗಳನ್ನೂ ನಾದವನ್ನು ನಿಯಂತ್ರಿಸುವ ಪೆಡಲನ್ನೂ ಅಳವಡಿಸಿದ ಮೇಲೆ ಅದರ ಇಂದಿನ ಸ್ವರೂಪ ನೆಲೆಗೊಂಡಿತು. 1930ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅವರೊಡನೆ ಲಯೊನೆಲ್ ಹ್ಯಾಂಪ್ಟನ್ ಮಾಡಿದ ಧ್ವನಿಮುದ್ರಣವು ಜಾಝ್‌ನಲ್ಲಿ ಈ ವಾದ್ಯದ ಆರಂಭಿಕ ಹೆಜ್ಜೆ. ಮುಂದೆ ಮಿಲ್ಟ್ ಜಾಕ್ಸನ್ ಅದಕ್ಕೆ ಹಾಡುಗಾರಿಕೆಯ ಗುಣವನ್ನು ತಂದರೆ, ಗ್ಯಾರಿ ಬರ್ಟನ್ ನಾಲ್ಕು ಕೋಲುಗಳ ವಾದನವನ್ನು ಪ್ರೌಢಗೊಳಿಸಿದರು.

ಪಟ್ಟಿಗಳ ಅಡಿಯಲ್ಲಿ ಫೆಲ್ಟ್ ಹೊದಿಸಿದ ಉದ್ದನೆಯ ದಂಡವೊಂದಿರುತ್ತದೆ. ಪೆಡಲನ್ನು ಒತ್ತದಿರುವಾಗ ಅದು ಪಟ್ಟಿಗಳಿಗೆ ತಾಗಿ ನಾದವನ್ನು ತಡೆಯುತ್ತದೆ; ಒತ್ತಿದಾಗ ಎಲ್ಲ ಪಟ್ಟಿಗಳೂ ಒಮ್ಮೆಗೇ ಮುಕ್ತವಾಗುತ್ತವೆ. ಪಿಯಾನೊದಲ್ಲಿ ಬೆರಳು ಒತ್ತಿ ಹಿಡಿದ ಸ್ವರವಷ್ಟೇ ಉಳಿಯಬಲ್ಲದು. ವೈಬ್ರಫೋನಿನ ಪೆಡಲಿಗೆ ಅಂತಹ ವಿವೇಚನೆಯಿಲ್ಲ. ಆದ್ದರಿಂದ ಪಾದವನ್ನು ಒತ್ತಿಯೇ ಇಟ್ಟರೆ ರಾಗರೇಖೆಯ ಸ್ವರಗಳು ಒಂದರ ಮೇಲೊಂದು ಕಲೆಸಿಹೋಗುತ್ತವೆ. ಪ್ರತಿ ಸ್ವರಕ್ಕೂ ಎತ್ತಿದರೆ ವಾಕ್ಯ ತುಂಡಾಗುತ್ತದೆ.

ಈ ತೊಡಕಿಗೆ ಪರಿಹಾರ ಪಾದದಲ್ಲಷ್ಟೇ ಇಲ್ಲ, ಕೈಯಲ್ಲಿಯೂ ಇದೆ. ಒಂದು ಕೋಲು ಹೊಸ ಸ್ವರವನ್ನು ನುಡಿಸುವಾಗಲೇ ಮತ್ತೊಂದು ಕೋಲು ಹಿಂದಿನ ಪಟ್ಟಿಯನ್ನು ಮೃದುವಾಗಿ ಒತ್ತಿ ಅದರ ನಾದವನ್ನು ಅಡಗಿಸುತ್ತದೆ. ಹೀಗೆ ಕೆಳಗಿನ ಸ್ವರಮೇಳ ಮೊಳಗುತ್ತಿರುವಾಗಲೇ ಮೇಲಿನ ರಾಗರೇಖೆ ಸ್ಪಷ್ಟವಾಗಿ ಉಳಿಯಬಲ್ಲದು. ಡೇವಿಡ್ ಫ್ರೀಡ್‌ಮನ್ 1973ರಲ್ಲಿ ಪ್ರಕಟಿಸಿದ ಅಭ್ಯಾಸಗ್ರಂಥವು ಈ ಎರಡು ವಿಧಾನಗಳನ್ನೇ ಕೇಂದ್ರವಾಗಿರಿಸಿಕೊಂಡಿದೆ.

ಅಭ್ಯಾಸದಲ್ಲಿ ಹಿಮ್ಮಡಿಯು ನೆಲದ ಮೇಲೆಯೇ ನಿಂತಿರಬೇಕು. ಪಾದದ ಮುಂಭಾಗ ಮಾತ್ರ ಚಲಿಸಬೇಕು. ಫೆಲ್ಟ್ ಪಟ್ಟಿಯಿಂದ ಬಿಡಿಸಿಕೊಳ್ಳುವ ಬಿಂದುವನ್ನು ಮೊದಲು ಗುರುತಿಸಿಕೊಂಡರೆ ಅಲ್ಪ ಚಲನೆಯೇ ಸಾಕಾಗುತ್ತದೆ. ಅರ್ಧ ಪೆಡಲಿನ ಸೂಕ್ಷ್ಮತೆಯೂ ಅಲ್ಲಿಂದಲೇ ಸಾಧ್ಯ. ಅನಂತರ ಎರಡು ಸ್ವರಮೇಳಗಳನ್ನು ಮೆಟ್ರೊನೋಮಿನ ನಿಧಾನಗತಿಯಲ್ಲಿ ಬದಲಿಸುತ್ತಾ, ಹಳೆಯ ನಾದ ಹೊಸದರೊಳಗೆ ಸೋರದಂತೆಯೂ ನಡುವೆ ಬಿರುಕು ಬೀಳದಂತೆಯೂ ನೋಡಿಕೊಳ್ಳಬೇಕು. ಒಂದೇ ರಾಗರೇಖೆಯನ್ನು ಮೊದಲು ಪೆಡಲಿಲ್ಲದೆ, ಬಳಿಕ ಪೆಡಲನ್ನು ಪೂರ್ಣ ಒತ್ತಿ ಕೋಲಿನ ತಡೆಯಿಂದ ಮಾತ್ರ, ಕೊನೆಗೆ ಎರಡನ್ನೂ ಕೂಡಿಸಿ ನುಡಿಸುವುದು ಫಲಪ್ರದ. ವೇಗವನ್ನು ಹೆಚ್ಚಿಸುವ ಮುನ್ನ ಧ್ವನಿಮುದ್ರಿಸಿ ಆಲಿಸಿದರೆ, ನುಡಿಸುವಾಗ ಗಮನಕ್ಕೆ ಬಾರದ ಕಲಸುವಿಕೆ ಕಿವಿಗೆ ಬೀಳುತ್ತದೆ.

ಸ್ವರವನ್ನು ಹುಟ್ಟಿಸುವುದು ಕೋಲಿನ ಕೆಲಸ. ಅದು ಎಲ್ಲಿ ಮುಗಿಯಬೇಕೆಂಬುದು ವಾದಕನ ತೀರ್ಮಾನ. ಪೆಡಲಿನ ಸಾಧನೆಯೆಂದರೆ ಮೂಲತಃ ಆ ತೀರ್ಮಾನದ ಸಾಧನೆಯೇ ಆಗಿದೆ.