ವಿಮಾನ ಏರಿಸೋದಕ್ಕಿಂತ ಇಳಿಸೋದೇ ಕಷ್ಟ: ಯಾಕೆ ಗೊತ್ತಾ?

ಬೆಳಗಾವಿ: 2023ರ ಮೇ 30ರ ಬೆಳಿಗ್ಗೆ ನೆನಪಿದೆಯಾ? ಸಾಂಬ್ರಾ ವಿಮಾನ ನಿಲ್ದಾಣದಿಂದ ಹಾರಿದ್ದ ಪುಟ್ಟ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದಾಗಿ ಹೊನ್ನಿಹಾಳ ಬಳಿಯ ಹೊಲದಲ್ಲಿ ತುರ್ತಾಗಿ ಇಳಿದಿತ್ತು. ಒಳಗಿದ್ದ ಇಬ್ಬರೂ ಬದುಕಿದರು.

ಅದು ತುರ್ತು ಇಳಿಕೆ. ಆದರೆ ಎಂಜಿನ್ ಸರಿಯಿದ್ದಾಗಲೂ ಸಣ್ಣ ವಿಮಾನಗಳು ಹೆಚ್ಚಾಗಿ ಎಡವುವುದು ಇಳಿಯುವಾಗಲೇ. ಕಾರಣ ಇಷ್ಟೇ: ಆಗ ವೇಗವೂ ಕಡಿಮೆ, ಎತ್ತರವೂ ಕಡಿಮೆ. ತಪ್ಪಾದರೆ ಸರಿಪಡಿಸಿಕೊಳ್ಳಲು ಜಾಗ ಇರಲ್ಲ.

ವೇಗದ ಲೆಕ್ಕ

ತರಬೇತಿಗೆ ಹೆಚ್ಚು ಬಳಕೆಯಲ್ಲಿರುವ ಸೆಸ್ನಾ 172 ವಿಮಾನ ರನ್‌ವೇ ಕಡೆ ಬರುವಾಗ ಗಂಟೆಗೆ ಸುಮಾರು 120 ಕಿ.ಮೀ. ವೇಗದಲ್ಲಿರುತ್ತದೆ. ಅದು 90ರ ಕೆಳಗೆ ಬಂತು ಅಂದ್ರೆ ರೆಕ್ಕೆಗೆ ಗಾಳಿಯ ಆಸರೆ ತಪ್ಪುವ ಅಪಾಯ ಹತ್ತಿರವಾಯ್ತು ಅಂತಲೇ ಅರ್ಥ. ಇದನ್ನೇ 'ಸ್ಟಾಲ್' ಅಂತಾರೆ. ತಿರುವು ತೆಗೆದುಕೊಳ್ಳುವಾಗ ಅಪಾಯ ಇನ್ನೂ ಹೆಚ್ಚು. ವಿಮಾನ 45 ಡಿಗ್ರಿ ವಾಲಿದರೆ, ಸ್ಟಾಲ್ ಆಗುವ ವೇಗ ಸುಮಾರು ಶೇ 19ರಷ್ಟು ಏರುತ್ತದೆ. ರನ್‌ವೇ ದಾಟಿ ಹೋಯ್ತಲ್ಲ ಅಂತ ಪೈಲಟ್ ಗಡಿಬಿಡಿಯಲ್ಲಿ ಬಿಗಿಯಾಗಿ ತಿರುಗಿಸಿದರೆ ಅಲ್ಲೇ ಕುಸಿಯಬಹುದು.

ಹಾಗಂತ ಜೋರಾಗಿ ಬಂದರೂ ಕಷ್ಟವೇ. ವೇಗ ಶೇ 10ರಷ್ಟು ಹೆಚ್ಚಾದರೆ ಬ್ರೇಕ್ ತಡೆಯಬೇಕಾದ ಶಕ್ತಿ ಶೇ 21ರಷ್ಟು ಏರುತ್ತದೆ. ವಿಮಾನ ನೆಲ ಮುಟ್ಟದೆ ತೇಲುತ್ತಾ ಹೋಗಿ, ರನ್‌ವೇಯೇ ಮುಗಿದುಬಿಡಬಹುದು. ಹಿಂದಿನ ಚಕ್ರಗಳ ಬದಲು ಮುಂದಿನ ಚಕ್ರ ಮೊದಲು ಬಡಿದರೆ ವಿಮಾನ ಚೆಂಡಿನಂತೆ ಪುಟಿಯುತ್ತದೆ. ಎರಡು-ಮೂರು ಸಲ ಪುಟಿದರೆ ಮುಂದಿನ ಚಕ್ರ ಮುರಿದು ಪ್ರೊಪೆಲ್ಲರ್ ನೆಲಕ್ಕೆ ತಗಲುತ್ತದೆ. ಅಡ್ಡಗಾಳಿ ಬೀಸಿದರೆ ವಿಮಾನ ಪಕ್ಕಕ್ಕೆ ಜಾರುತ್ತದೆ.

ಇದಕ್ಕೆಲ್ಲ ಮದ್ದು ಒಂದೇ: ಸರಿಬರಲಿಲ್ಲ ಅಂತ ಅನ್ನಿಸಿದ ಕೂಡಲೇ ಎಂಜಿನ್ ಜೋರು ಮಾಡಿ ಮತ್ತೆ ಮೇಲೇರುವುದು. ಹೀಗಾಗಿ ಇಳಿಯಲು ಬಂದ ವಿಮಾನ ವಾಪಸ್ ಮೇಲೆ ಹೋದರೆ ಗಾಬರಿ ಬೇಡ. ಪೈಲಟ್ ಜಾಣತನ ತೋರಿಸಿದ ಅಂದ್ಕೊಳ್ಳಿ.

ಹೊಲದಲ್ಲಿ ವಿಮಾನ ಇಳಿದರೆ?

ಮೊದಲು 112ಕ್ಕೆ ಕರೆ ಮಾಡಿ. ಸಣ್ಣ ವಿಮಾನಗಳ ಇಂಧನ ಸಾಮಾನ್ಯವಾಗಿ ರೆಕ್ಕೆಯಲ್ಲೇ ಇರುತ್ತದೆ, ಪೆಟ್ರೋಲ್‌ನಂತೆ ಥಟ್ಟನೆ ಹೊತ್ತಿಕೊಳ್ಳುತ್ತದೆ. ಹತ್ತಿರ ಬೀಡಿ, ಬೆಂಕಿಪೊಟ್ಟಣ ಬೇಡ. ಗಾಯಾಳುಗಳಿಗೆ ನೆರವಾಗಲು ಹೋಗುವವರು ಮುಂದಿನಿಂದ ಹೋಗಬೇಡಿ. ಪ್ರೊಪೆಲ್ಲರ್ ನಿಂತಿದ್ದರೂ ಅದನ್ನು ಮುಟ್ಟಬೇಡಿ. ಮುರಿದ ತುಂಡುಗಳನ್ನು ಎತ್ತಿಕೊಂಡು ಹೋಗಬೇಡಿ, ತನಿಖೆಗೆ ಅವು ಬೇಕಾಗುತ್ತವೆ.

ಸೆಲ್ಫಿಗೆ ಮುಗಿಬೀಳುವ ಜನ ಆಂಬುಲೆನ್ಸ್‌ಗೆ ದಾರಿ ಬಿಟ್ಟರೆ ಅಷ್ಟೇ ಸಾಕು, ಒಂದು ಜೀವ ಉಳಿದೀತು.